ಕೊಟೇಶನ್ ಹಾಳೆಯ ಒಂದೊಂದು ಸಾಲು: ತೀರ್ಥಹಳ್ಳಿ ಕಡೆಯ ಮನೆಯೊಂದರ ಕಾರು ಖರೀದಿ

ಇದು 2025ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆದ ಒಂದು ವ್ಯವಹಾರ. ಕೊಂಡವರು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಾರಿದ್ದು ಶಿವಮೊಗ್ಗದ ಒಂದು ಶೋರೂಮ್. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾರಿನ ಕಂಪನಿ ಯಾವುದೂ ಇಲ್ಲಿಲ್ಲ. ಒಂದೆರಡು ಗುರುತುಗಳನ್ನು ಬೇಕೆಂದೇ ಬದಲಿಸಿದ್ದೇನೆ. ಅಂಕಿಗಳನ್ನು ಹತ್ತಿರದ ನೂರಕ್ಕೆ ತಂದಿದ್ದೇನೆ.

ನಾನು ಬ್ಯಾಂಕಿನಲ್ಲಿ ವಾಹನ ಸಾಲದ ಟೇಬಲ್ ನೋಡಿಕೊಂಡಿದ್ದವನು. ಶೋರೂಮಿನ ಕೊಟೇಶನ್ ಹಾಳೆ ಓದಿ ಓದಿ ರೂಢಿಯಾಗಿದೆ. ಹಾಗಾಗಿ ನೆಂಟರಿಷ್ಟರು ಕಾರು ಕೊಳ್ಳುವಾಗ ನನ್ನನ್ನು ಕರೆಯುತ್ತಾರೆ. ಈ ಮನೆಯವರೂ ಕರೆದರು, ಆದರೆ ಬುಕಿಂಗ್ ದುಡ್ಡು ಕೊಟ್ಟಾದ ಮೇಲೆ!

ಮನೆ ಮತ್ತು ಹಳೆ ಕಾರು

ಮನೆಯ ಯಜಮಾನರಿಗೆ ಅರವತ್ತು ದಾಟಿದೆ. ಮಗ ತೋಟ ನೋಡಿಕೊಳ್ಳುತ್ತಾನೆ. ಸೊಸೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಹಳೆಯದೊಂದು ಸಣ್ಣ ಕಾರು ಯಜಮಾನರ ಹೆಸರಿನಲ್ಲಿತ್ತು. ಅದಕ್ಕೆ ಒಂದು ಸಲವೂ ಇನ್ಶೂರೆನ್ಸ್ ಕ್ಲೇಮ್ ಮಾಡಿರಲಿಲ್ಲ. ಈ ವಿಷಯ ಮುಂದೆ ಬರುತ್ತದೆ. ಹೊಸದಾಗಿ ಅವರು ನೋಡಿದ್ದು ನಾಲ್ಕು ಮೀಟರಿಗಿಂತ ಚಿಕ್ಕದಾದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರು. ಮನೆಗೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ರಸ್ತೆ. ಮಳೆಗಾಲದಲ್ಲಿ ಹಳೆ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಸ್ವಲ್ಪ ಎತ್ತರದ ಕಾರು ಬೇಕು, ಅಷ್ಟೇ ಅವರ ಆಸೆ.

ಶೋರೂಮಿನಲ್ಲಿ ಸೇಲ್ಸ್ ಕೆಲಸಕ್ಕಿದ್ದವನು ಅವರ ಊರಿನ ಹುಡುಗ. ಯಜಮಾನರ ಹಳೆಯ ಗೆಳೆಯರ ಮಗ. ಫೋನ್ ಮಾಡಿದ, "ದೊಡ್ಡಪ್ಪ, ಆಫರ್ ಮುಗಿಯತ್ತೆ, ಸುಮ್ನೆ ಹನ್ನೊಂದು ಸಾವಿರ ಹಾಕಿಡಿ, ಬೇಡ ಅಂದ್ರೆ ವಾಪಸ್" ಅಂದ. ಇವರು ಹಾಕಿಬಿಟ್ಟರು. ಕೊಟೇಶನ್ ಬಂದದ್ದು ಆಮೇಲೆ.

ನಿಜವಾದ ತೊಡಕು ಇಲ್ಲೇ ಇತ್ತು. ಬೆಲೆಗಿಂತ ದಾಕ್ಷಿಣ್ಯ ದೊಡ್ಡದು. ಗೊತ್ತಿರುವ ಹುಡುಗ, ಅವನ ಮುಂದೆ ಚೌಕಾಸಿ ಮಾಡುವುದು ಹೇಗೆ? ಮಂಡಿಯಲ್ಲಿ ರಾಶಿ ಅಡಿಕೆಗೆ ಕ್ವಿಂಟಲಿಗೆ ಇನ್ನೂರು ರೂಪಾಯಿ ಜಾಸ್ತಿ ಬರಲಿ ಅಂತ ವಾರಗಟ್ಟಲೆ ಕಾಯುವ ಮನುಷ್ಯ, ಹದಿಮೂರು ಮುಕ್ಕಾಲು ಲಕ್ಷದ ಹಾಳೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಕೇಳಿದ್ದು ಒಂದೇ ಪ್ರಶ್ನೆ: "ಒಟ್ಟು ಎಷ್ಟು ಬಿಡ್ತೀರಿ?" ಅದಕ್ಕೆ 15 ಸಾವಿರ ಬಿಟ್ಟಿದ್ದರು. ಇವರಿಗೆ ಅದೇ ಸಮಾಧಾನ.

ಹಾಳೆಯಲ್ಲಿ ಏನಿತ್ತು

ಎಕ್ಸ್-ಶೋರೂಮ್ ಬೆಲೆ (ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಕಾರಿನ ಬೆಲೆ) 10,60,000. ಟಿಸಿಎಸ್ 10,600. ರಸ್ತೆ ತೆರಿಗೆ 2,00,000. ಇನ್ಶೂರೆನ್ಸ್ 52,000. ನೋಂದಣಿ ಮತ್ತು ಹ್ಯಾಂಡ್ಲಿಂಗ್ (ಕಾರು ತರಿಸಿ ಇಟ್ಟು ಕೊಡುವುದಕ್ಕೆ ಅಂತ ಡೀಲರ್ ಹಾಕುವ ಖರ್ಚು) ಒಟ್ಟಿಗೆ 18,500. ಫಾಸ್ಟ್ಯಾಗ್ 600. ಆಕ್ಸೆಸರಿ ಕಿಟ್ 32,000. ಹೆಚ್ಚುವರಿ ವಾರಂಟಿ 19,000. ಎಲ್ಲ ಕೂಡಿಸಿ 13,92,700. ರಿಯಾಯಿತಿ 15,000 ಕಳೆದು 13,77,700.

ನಾನು ಮೊದಲು ಮಾಡಿದ್ದು ಪ್ರತಿ ಸಾಲಿನ ಪಕ್ಕದಲ್ಲಿ ಆ ದುಡ್ಡು ಯಾರಿಗೆ ಹೋಗುತ್ತದೆ ಅಂತ ಪೆನ್ಸಿಲಿನಲ್ಲಿ ಬರೆದದ್ದು. ರಸ್ತೆ ತೆರಿಗೆ ಸರ್ಕಾರಕ್ಕೆ. ಅದರಲ್ಲಿ ಚೌಕಾಸಿ ಇಲ್ಲ. ಕರ್ನಾಟಕದಲ್ಲಿ ಕಾರಿನ ಬೆಲೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್ (ಉಪಕರ). 10 ಲಕ್ಷ ದಾಟಿದರೆ ದಾಟಿದಷ್ಟು ಭಾಗಕ್ಕೆ ಮಾತ್ರ ಹೆಚ್ಚಿನ ದರ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಇಡೀ ಬೆಲೆಗೆ ಹೆಚ್ಚಿನ ದರ ಬೀಳುತ್ತದೆ.

ಟಿಸಿಎಸ್ ಅನ್ನುವುದು 10 ಲಕ್ಷ ಮೀರಿದ ಕಾರಿಗೆ ಡೀಲರ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಶೇ 1. ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಸಿಗುತ್ತದೆ. ಆದರೆ ಯಜಮಾನರದ್ದು ಕೃಷಿ ಆದಾಯ. ಅವರು ರಿಟರ್ನ್ ಹಾಕಿಯೇ ಗೊತ್ತಿಲ್ಲ. ಹತ್ತು ಸಾವಿರಕ್ಕಾಗಿ ಹೊಸದಾಗಿ ಆಡಿಟರ್ ಹಿಡಿಯಬೇಕಿತ್ತು.

ಇನ್ಶೂರೆನ್ಸ್ ಕಂಪನಿಗೆ ಹೋಗುವ ದುಡ್ಡಿನಲ್ಲಿ ಡೀಲರಿಗೂ ಪಾಲಿದೆ. ಹ್ಯಾಂಡ್ಲಿಂಗ್, ಆಕ್ಸೆಸರಿ, ವಾರಂಟಿಯಲ್ಲೂ ಡೀಲರಿಗೆ ಒಳ್ಳೆಯ ಪಾಲು. ಕಾರಿನ ಬೆಲೆಯಲ್ಲಿ ಡೀಲರಿಗೆ ಉಳಿಯುವುದು ಕೆಲವೇ ಪರ್ಸೆಂಟು. ಅವರ ಲಾಭ ಈ ಸಣ್ಣ ಸಾಲುಗಳಲ್ಲಿ, ಸಾಲದ ಕಮಿಷನ್‌ನಲ್ಲಿ, ಹಳೆ ಕಾರಿನಲ್ಲಿ ಇರುತ್ತದೆ. ಇದನ್ನು ಮೋಸ ಅನ್ನಲಾರೆ. ಅದೊಂದು ಅಂಗಡಿ, ಅಲ್ವಾ. ಆದರೆ ನಾವೆಲ್ಲ ಚೌಕಾಸಿ ಮಾಡುವುದು ಅವರಿಗೆ ಕಡಿಮೆ ಉಳಿಯುವ ಜಾಗದಲ್ಲಿ. ಜಾಸ್ತಿ ಉಳಿಯುವ ಜಾಗದಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇವೆ.

ಗೌರಿ ಹಬ್ಬದ ಗಡುವು

ಆಗಸ್ಟ್ 15ರಂದು ಪ್ರಧಾನಿ ಜಿಎಸ್‌ಟಿ ಬದಲಾವಣೆ ಬರಲಿದೆ ಅಂತ ಘೋಷಿಸಿದರು. ಸಣ್ಣ ಕಾರಿನ ತೆರಿಗೆ ಇಳಿಯಬಹುದು ಅಂತ ಪತ್ರಿಕೆಗಳು ಬರೆದವು. ಆಗ ಇದ್ದದ್ದು ಶೇ 28 ಜಿಎಸ್‌ಟಿ ಮತ್ತು ಇಂಥ ಪೆಟ್ರೋಲ್ ಕಾರಿಗೆ ಶೇ 1 ಸೆಸ್, ಒಟ್ಟು 29.

ಶೋರೂಮಿನಿಂದ ಫೋನ್ ಮೇಲೆ ಫೋನ್. ಗಣೇಶ ಚೌತಿ ಆಗಸ್ಟ್ 27ಕ್ಕೆ. ಗೌರಿ ಹಬ್ಬದ ದಿನ ಡೆಲಿವರಿ ತೆಗೆದುಕೊಂಡರೆ 40 ಸಾವಿರ ಬಿಡುತ್ತೇವೆ ಅಂದರು. 15 ಇದ್ದದ್ದು 40 ಆಗಿತ್ತು. ಯಜಮಾನರು ಕುಣಿದಾಡುವುದೊಂದು ಬಾಕಿ. ನನಗೆ ಮಾತ್ರ ಅನುಮಾನ ಶುರುವಾಯಿತು. ಕೇಳದೇ ಇದ್ದಾಗ 25 ಸಾವಿರ ಜಾಸ್ತಿ ಬಿಡುತ್ತಾರೆ ಅಂದರೆ, ಕಾರು ಅಂಗಳದಲ್ಲಿ ನಿಲ್ಲುವುದು ಅವರಿಗೆ ಬೇಡವಾಗಿದೆ. ಜನರೆಲ್ಲ ಕಾಯಲು ಶುರುಮಾಡಿದ್ದರು. ನಿಂತ ಕಾರಿಗೆ ಡೀಲರ್ ಬಡ್ಡಿ ಕಟ್ಟುತ್ತಿರುತ್ತಾನೆ.

ನಾನು ಲೆಕ್ಕ ಹಾಕಿ ತೋರಿಸಿದೆ. 29 ಇದ್ದದ್ದು 18ಕ್ಕೆ ಇಳಿದರೆ 10,60,000ದ ಕಾರು ಸುಮಾರು 9,69,600 ಆಗುತ್ತದೆ. 90 ಸಾವಿರ ಇಳಿಕೆ. ಅದಕ್ಕಿಂತ ಮುಖ್ಯ, ಬೆಲೆ 10 ಲಕ್ಷದ ಕೆಳಗೆ ಬರುತ್ತದೆ. ರಸ್ತೆ ತೆರಿಗೆ 17ರಿಂದ 14ಕ್ಕೆ ಬರುತ್ತದೆ. ಸೆಸ್ ಸೇರಿ ಎರಡು ಲಕ್ಷ ಇದ್ದದ್ದು ಒಂದೂವರೆ ಲಕ್ಷ ಆಗುತ್ತದೆ. ಟಿಸಿಎಸ್ ಇರುವುದೇ ಇಲ್ಲ. ಎಲ್ಲ ಸೇರಿ ಉಳಿಯುವುದು ಒಂದೂವರೆ ಲಕ್ಷ. ಎದುರಿಗೆ 40 ಸಾವಿರ.

ಆದರೆ ಆ ದಿನ ಯಾವುದೂ ಖಚಿತ ಇರಲಿಲ್ಲ. ಇಳಿಯದೆಯೂ ಇರಬಹುದಿತ್ತು. ಇಳಿದರೂ ಕಂಪನಿ ಮೂಲ ಬೆಲೆ ಏರಿಸಬಹುದಿತ್ತು. 40 ಸಾವಿರ ಕೈತಪ್ಪುವುದಂತೂ ಗ್ಯಾರಂಟಿ. ಮಗ ತೆಗೆದುಕೊಂಡುಬಿಡೋಣ ಅಂದ. ಯಜಮಾನರು ಹುಡುಗನ ಮುಖ ನೋಡಿ ಹೂಂ ಅನ್ನುವವರಿದ್ದರು. ತೀರ್ಮಾನ ಬಂದದ್ದು ಅಡುಗೆಮನೆಯಿಂದ. ಮನೆಯ ಅಮ್ಮ ಹೇಳಿದರು, "ಹಳೆ ಕಾರು ಓಡ್ತಾ ಇದೆಯಲ್ಲ. ಈ ಮಳೇಲಿ ಹೊಸದು ತಂದು ಕೆಸರಿಗೆ ಹಾಕೋಕೆ ಅವಸರ ಏನು?"

ಇಡೀ ಪ್ರಕರಣದಲ್ಲಿ ಇದಕ್ಕಿಂತ ಗಟ್ಟಿಯಾದ ಮಾತು ಬೇರೆ ಯಾರೂ ಆಡಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾಯುವ ಶಕ್ತಿ ಇದ್ದವನ ಎದುರು ಗಡುವಿಗೆ ಬೆಲೆ ಇಲ್ಲ. ಹಳೆ ಕಾರು ಕೆಟ್ಟು ನಿಂತಿದ್ದರೆ ನನ್ನ ಲೆಕ್ಕವೆಲ್ಲ ಕಾಗದದ ಮೇಲೇ ಉಳಿಯುತ್ತಿತ್ತು.

ಬುಕಿಂಗ್ ಫಾರ್ಮ್ ತೆಗೆದು ನೋಡಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ಡೆಲಿವರಿ ದಿನದ ಬೆಲೆಯೇ ಅನ್ವಯ" ಅಂತಿತ್ತು. ಬೆಲೆ ಏರಿದರೆ ಗಿರಾಕಿಯ ತಲೆಗೆ ಕಟ್ಟಲು ಹಾಕಿದ ಸಾಲು ಅದು. ಇಳಿದರೆ ಅದೇ ಸಾಲು ಗಿರಾಕಿಯ ಕಡೆ ಮಾತಾಡುತ್ತದೆ. ಬುಕಿಂಗ್ ಹಾಗೇ ಇರಲಿ ಅಂದೆ.

ಕಾಯುತ್ತಾ ಮಾಡಿದ ಕೆಲಸ

ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನ ಮಾಡಿತು. ಸಣ್ಣ ಕಾರಿಗೆ ಶೇ 18, ಸೆಸ್ ಇಲ್ಲ, ಸೆಪ್ಟೆಂಬರ್ 22ರಿಂದ ಜಾರಿ. ಅದೂ ನವರಾತ್ರಿಯ ಮೊದಲ ದಿನ. ನಡುವೆ ಪಿತೃಪಕ್ಷ. ಆಗ ನಮ್ಮ ಕಡೆ ಯಾರೂ ಕಾರು ಮನೆಗೆ ತರುವುದಿಲ್ಲ. ಹಾಗಾಗಿ ಹೊಸ ಒತ್ತಡವೂ ಇರಲಿಲ್ಲ. ಈ ದಿನಗಳಲ್ಲಿ ಉಳಿದ ಸಾಲುಗಳ ಬೆನ್ನು ಹತ್ತಿದೆವು.

ದಾವಣಗೆರೆ ಮತ್ತು ಉಡುಪಿಯ ಡೀಲರುಗಳಿಂದ ಅದೇ ಕಾರಿಗೆ ಕೊಟೇಶನ್ ತರಿಸಿದೆವು. ರಾಜ್ಯದೊಳಗೆ ಎಲ್ಲಿ ಕೊಂಡರೂ ನಮ್ಮ ಶಿವಮೊಗ್ಗದ ಕೆಎ-14 ನಂಬರಿಗೆ ತೊಂದರೆ ಇಲ್ಲ. ವಾರಂಟಿ ಕಂಪನಿಯದು, ಡೀಲರಿನದಲ್ಲ. ಅಲ್ಲಿ ಸಿಕ್ಕ ಉಪಯೋಗ ನಾನು ಎಣಿಸಿದ್ದಲ್ಲ. ರಿಯಾಯಿತಿ ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಉಡುಪಿಯ ಹಾಳೆಯಲ್ಲಿ ಹ್ಯಾಂಡ್ಲಿಂಗ್ ಅನ್ನುವ ಪದವೇ ಇರಲಿಲ್ಲ. ದಾವಣಗೆರೆಯ ಹಾಳೆಯಲ್ಲಿ ಆಕ್ಸೆಸರಿ ಕಿಟ್ ಇರಲಿಲ್ಲ. ಕಡ್ಡಾಯ ಅಂತ ನಮಗೆ ಹೇಳಿದ್ದ ಎರಡು ಸಾಲುಗಳು ಬೇರೆ ಊರಿನಲ್ಲಿ ಕಡ್ಡಾಯ ಅಲ್ಲ ಅಂತ ಲಿಖಿತವಾಗಿಯೇ ಸಿಕ್ಕಿತು.

ಸಾಲದ ವಿಷಯ ಬೇಗ ಮುಗಿಯಿತು. 5 ಲಕ್ಷ ಸಾಲ ಬೇಕಿತ್ತು. ಶೋರೂಮಿನಲ್ಲಿ ಕೂತಿದ್ದ ಫೈನಾನ್ಸ್‌ನವರು "ಬರೀ 6 ಪರ್ಸೆಂಟ್" ಅಂದರು. ಅದು ಫ್ಲಾಟ್ ದರ, ಅಂದರೆ ಕಂತು ಕಟ್ಟುತ್ತಾ ಹೋದರೂ ಕೊನೆಯವರೆಗೆ ಪೂರ್ತಿ ಸಾಲಕ್ಕೇ ಬಡ್ಡಿ. ಐದು ವರ್ಷಕ್ಕೆ ತಿಂಗಳ ಕಂತು 10,833. ಬ್ಯಾಂಕಿನ ಶೇ 9, ಬಾಕಿ ಇಳಿದಂತೆ ಬಡ್ಡಿ ಇಳಿಯುವ ಲೆಕ್ಕ. ಅದರ ಕಂತು 10,379. 6 ಅನ್ನುವುದು 9ಕ್ಕಿಂತ ದುಬಾರಿ ಅಂತ ಯಜಮಾನರಿಗೆ ಒಪ್ಪಿಸಲು ಬಡ್ಡಿ ದರದ ಮಾತೇ ಬಿಟ್ಟು ಎರಡು ಕಂತುಗಳನ್ನು ಅಕ್ಕಪಕ್ಕ ಬರೆಯಬೇಕಾಯಿತು. ಉಳಿದ ದುಡ್ಡನ್ನು ನಗದಾಗಿ ಕೊಟ್ಟುಬಿಡುವ ಯೋಚನೆಯೂ ಅವರಿಗಿತ್ತು. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ ಅನ್ನುವುದು ಕಾನೂನು. ಆ ಮಾತು ಅಲ್ಲಿಗೇ ನಿಂತಿತು.

ಕಾರು ಯಾರ ಹೆಸರಿಗೆ?

ಇದನ್ನು ಮನೆಯವರು ಸೆಂಟಿಮೆಂಟಿನ ಪ್ರಶ್ನೆ ಅಂದುಕೊಂಡಿದ್ದರು. ನೋಡಿದರೆ ದುಡ್ಡಿನ ಪ್ರಶ್ನೆ.

ಸೊಸೆಯ ಹೆಸರಿಗೆ ತೆಗೆದರೆ ಸರ್ಕಾರಿ ನೌಕರರ ಆಫರ್ 5 ಸಾವಿರ ಸಿಗುತ್ತಿತ್ತು. ಸಂಬಳದ ಸ್ಲಿಪ್ ಇರುವುದರಿಂದ ಸಾಲವೂ ಸುಲಭ. ಆದರೆ ಹಳೆ ಕಾರಿನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಯಜಮಾನರದ್ದು. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ 50. ಬೋನಸ್ ಇರುವುದು ಕಾರಿಗಲ್ಲ, ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ಹಳೆ ಕಾರು ಮಾರಿದ ಮೇಲೆ ಹಳೆ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ಬಳಸಬಹುದು. ಮಾವನ ಬೋನಸ್ ಸೊಸೆಯ ಕಾರಿಗೆ ಬರುವುದಿಲ್ಲ. ಈ ವಿಷಯವನ್ನು ಶೋರೂಮಿನಲ್ಲಿ ಯಾರೂ ಎತ್ತಿರಲಿಲ್ಲ. ಎತ್ತಿದರೆ ಅವರ ಪ್ರೀಮಿಯಂ ಇಳಿಯುತ್ತದೆ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಕಡ್ಡಾಯ. ಈ ಅಳತೆಯ ಎಂಜಿನ್ನಿಗೆ ಆಗ ಅದು 10,640 ರೂಪಾಯಿ, ಮೇಲೆ ಜಿಎಸ್‌ಟಿ. ಎಲ್ಲಿ ಮಾಡಿಸಿದರೂ ಅಷ್ಟೇ. ಉಳಿದದ್ದು ನಮ್ಮ ಕಾರಿನ ಹಾನಿಗೆ ಕೊಡುವ ಭಾಗ. ಬೋನಸ್ ಅನ್ವಯಿಸುವುದು ಇಲ್ಲಿಗೆ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಬರುವುದೂ ಇಲ್ಲೇ.

"ಹೊರಗೆ ಮಾಡಿಸಿದ್ರೆ ನಮ್ಮ ವರ್ಕ್‌ಶಾಪಲ್ಲಿ ಕ್ಯಾಶ್‌ಲೆಸ್ ಆಗಲ್ಲ" ಅಂತ ಹೆದರಿಸಿದರು. ಕ್ಯಾಶ್‌ಲೆಸ್ ಅಂದರೆ ರಿಪೇರಿಯ ದುಡ್ಡನ್ನು ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ವರ್ಕ್‌ಶಾಪಿಗೆ ಕೊಡುವುದು. ಇನ್ಶೂರೆನ್ಸ್ ಡೀಲರ್ ಹತ್ತಿರವೇ ಮಾಡಿಸಬೇಕು ಅಂತ ನಿಯಮ ಇಲ್ಲ. ಆದರೆ ಕ್ಯಾಶ್‌ಲೆಸ್ ಮಾತನ್ನು ನಾವು ತಳ್ಳಿಹಾಕಲಿಲ್ಲ. ಆಗುಂಬೆ ಕಡೆ ಎಲ್ಲೋ ಕಾರು ಚರಂಡಿಗೆ ಬಿದ್ದರೆ ಎಳೆದು ತರುವುದು ಶಿವಮೊಗ್ಗಕ್ಕೇ. ಹಾಗಾಗಿ ಸರ್ವಿಸ್ ಕೌಂಟರಿನಲ್ಲಿ ಯಾವ ಯಾವ ಇನ್ಶೂರೆನ್ಸ್ ಕಂಪನಿಗೆ ಇಲ್ಲಿ ಕ್ಯಾಶ್‌ಲೆಸ್ ಇದೆ ಅಂತ ಪಟ್ಟಿ ಕೇಳಿದೆವು. ಅದರಲ್ಲಿದ್ದ ಒಂದು ಕಂಪನಿಯಿಂದಲೇ ನೇರವಾಗಿ ದರ ತರಿಸಿದೆವು. ಝೀರೋ ಡೆಪ್ (ಬಿಡಿಭಾಗ ಹಳೆಯದಾಯಿತು ಅಂತ ಕ್ಲೇಮಿನಲ್ಲಿ ದುಡ್ಡು ಕತ್ತರಿಸದ ಕವರ್) ಇಟ್ಟುಕೊಂಡೆವು. ಎಂಜಿನ್ನಿಗೆ ನೀರು ನುಗ್ಗಿದರೆ ಕೊಡುವ ಕವರ್ ಕೂಡ ಬಿಡಲಿಲ್ಲ, ಹಳ್ಳ ದಾಟುವ ಊರಿನಲ್ಲಿ ಅದು ಬೇಕು. ಕೀ ಕಳೆದರೆ, ಲಗೇಜ್ ಕಳೆದರೆ ಅನ್ನುವಂಥವನ್ನೆಲ್ಲ ತೆಗೆಸಿದೆವು. ಬೋನಸ್ ಸೇರಿ 34 ಸಾವಿರಕ್ಕೆ ಬಂತು. ಸೊಸೆಯ 5 ಸಾವಿರದ ಆಫರ್ ಇದರ ಮುಂದೆ ಸಣ್ಣದು. ಕಾರು ಯಜಮಾನರ ಹೆಸರಿಗೇ ಅಂತ ತೀರ್ಮಾನವಾಯಿತು, ಸಾಲಕ್ಕೆ ಸೊಸೆ ಸಹಸಾಲಗಾರ್ತಿ.

ಹಳೆ ಕಾರಿಗೆ ಶೋರೂಮಿನವರು ಕಟ್ಟಿದ ಬೆಲೆ 1,45,000. ಮೇಲೆ ಎಕ್ಸ್‌ಚೇಂಜ್ ಬೋನಸ್ 25,000. ಒಟ್ಟು 1,70,000 ಅಂತ ದೊಡ್ಡದಾಗಿ ಬರೆದು ತೋರಿಸಿದರು. ಕೊಪ್ಪದ ಕಡೆಯವರೊಬ್ಬರು 1,90,000ಕ್ಕೆ ಕೇಳಿದರು. ಬೋನಸ್ ಕೊಟ್ಟಂತೆ ಮಾಡಿ ಹಳೆ ಕಾರಿನ ಬೆಲೆಯಲ್ಲಿ ಕತ್ತರಿಸುವುದು ಬಹಳ ಕಡೆ ನೋಡಿದ್ದೇನೆ. ಹೊರಗೆ ಮಾರುವುದರಲ್ಲಿ ಒಂದು ಅಪಾಯವಿದೆ. ಆರ್‌ಸಿ ಬೇರೆ ಹೆಸರಿಗೆ ಆಗುವವರೆಗೆ ಏನೇ ಆದರೂ ಕೋರ್ಟಿನ ಕಾಗದ ಹಳೆ ಮಾಲೀಕನ ಮನೆಗೇ ಬರುತ್ತದೆ. ಅದಕ್ಕೇ ಮಾಲೀಕತ್ವ ಬದಲಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ, ಆರ್‌ಟಿಒ ಕೆಲಸ ಶುರುವಾದದ್ದನ್ನು ನೋಡಿಯೇ ಕೀ ಕೊಟ್ಟದ್ದು. ಅದೂ ಹೊಸ ಕಾರಿನ ಬೆಲೆ ಕುದುರಿದ ಮೇಲೆ. ಮೊದಲೇ ಮಾರಿದ್ದರೆ ಅಮ್ಮನ ಮಾತಿಗೆ ಬಲವೇ ಇರುತ್ತಿರಲಿಲ್ಲ.

ನವರಾತ್ರಿಯ ಜಾತ್ರೆ

ಸೆಪ್ಟೆಂಬರ್ 22ರ ನಂತರ ಶೋರೂಮಿಗೆ ಹೋದರೆ ಕೂರಲು ಕುರ್ಚಿ ಇಲ್ಲ. ಬೆಲೆ ಲೆಕ್ಕ ಹಾಕಿದಂತೆಯೇ 9,69,600ಕ್ಕೆ ಇಳಿದಿತ್ತು. ಆದರೆ ಮ್ಯಾನೇಜರ್ ಮಾತಿನ ಧಾಟಿ ಬದಲಾಗಿತ್ತು. "ಸಾರ್, ಗವರ್ನಮೆಂಟೇ 90 ಸಾವಿರ ಇಳಿಸಿದೆ. ಇನ್ನು ನಾವೇನು ಕೊಡೋದು?" 40 ಹೋಯಿತು, 15 ಕೂಡ ಹೋಯಿತು. ಆಯುಧಪೂಜೆ ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಕಾರು ಬೇಕಿದ್ದರೆ ಪೂರ್ತಿ ಕಿಟ್ ತೆಗೆದುಕೊಂಡವರಿಗೆ ಮೊದಲು ಅಂದರು.

ಮ್ಯಾನೇಜರ್ ಹೇಳಿದ್ದರಲ್ಲಿ ಒಂದು ನಿಜವೂ ಇತ್ತು. ಹಳೆ ದರದಲ್ಲಿ ಸೆಸ್ ಕಟ್ಟಿ ತರಿಸಿದ ಸ್ಟಾಕ್ ಡೀಲರುಗಳ ಬಳಿ ಉಳಿದಿತ್ತು. ಸೆಸ್ಸೇ ರದ್ದಾದ ಮೇಲೆ ಆ ದುಡ್ಡನ್ನು ಹೊಂದಿಸಿಕೊಳ್ಳಲು ದಾರಿ ಇರಲಿಲ್ಲ. ದೇಶದ ಡೀಲರುಗಳೆಲ್ಲ ಆಗ ಇದನ್ನೇ ಹೇಳುತ್ತಿದ್ದರು. ಎದುರಿನವನ ಕಷ್ಟ ನಿಜವೋ ಸುಳ್ಳೋ ತಿಳಿದುಕೊಂಡರೆ ಯಾವ ಸಾಲನ್ನು ಒತ್ತಬಾರದು ಅಂತ ಗೊತ್ತಾಗುತ್ತದೆ. ಬೆಲೆಯ ಮೇಲಿನ ರಿಯಾಯಿತಿಯನ್ನು ನಾವು ಆ ವಾರ ಕೇಳಲೇ ಇಲ್ಲ.

ಅದರ ಬದಲು ಅವರೇ ಒಂದು ಬಲೆ ಬೀಸಿದರು. "ಹೇಗೂ ದುಡ್ಡು ಉಳೀತಲ್ಲ, 55 ಸಾವಿರ ಹಾಕಿದ್ರೆ ಸನ್‌ರೂಫ್ ಇರೋ ಮೇಲಿನ ಮಾಡೆಲ್ ಬರತ್ತೆ." ಮೊಮ್ಮಕ್ಕಳು ಕಾರಿನೊಳಗೆ ನಿಂತು ತಲೆ ಹೊರಗೆ ಹಾಕುವ ಕನಸು ಆಗಲೇ ಕಂಡಾಗಿತ್ತು. ಆ ಮಾಡೆಲ್‌ನ ಬೆಲೆ 10,25,000. ಮತ್ತೆ 10 ಲಕ್ಷದ ಗೆರೆ! ರಸ್ತೆ ತೆರಿಗೆ 1,50,700ರ ಬದಲು 1,93,400. ಟಿಸಿಎಸ್ ಮತ್ತೆ ಹಾಜರ್. 55 ಸಾವಿರದ ಸನ್‌ರೂಫಿಗೆ ಜೇಬಿನಿಂದ ಹೋಗುವುದು ಒಂದು ಲಕ್ಷದ ಮೇಲೆ. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ ಹೊಡೆಯುವ ಊರಿನಲ್ಲಿ ಸೂರಿಗೆ ಕಿಟಕಿ ಬೇಕಾ ಅಂತ ಯಜಮಾನರು ಕೇಳಿದರು. ಮೊಮ್ಮಕ್ಕಳು ಎರಡು ದಿನ ಅವರ ಜೊತೆ ಮಾತು ಬಿಟ್ಟರು.

ಆಯುಧಪೂಜೆಯನ್ನು ಬಿಡುವುದು ಸುಲಭ ಇರಲಿಲ್ಲ. ಹೊಸ ಗಾಡಿಗೆ ಕುಂಬಳಕಾಯಿ ಒಡೆಯುವ ದಿನ ಅದು. ನಾನು ಒತ್ತಾಯ ಮಾಡಲಿಲ್ಲ, ಕಿಟ್‌ನ 32 ಸಾವಿರವನ್ನು ಒಂದು ದಿನದ ಬೆಲೆ ಅಂತ ಹೇಳಿ ಸುಮ್ಮನಾದೆ. ಸೊಸೆಯೇ ಹೇಳಿದಳು, "ಹಳೇದಕ್ಕೇ ಪೂಜೆ ಮಾಡಿ ಕಳಿಸೋಣ ಮಾವ, ಇಷ್ಟು ವರ್ಷ ಓಡಿದೆ." ಹಾಗೇ ಮಾಡಿದರು.

ಅಂಗಳದ ಕಂದು ಕಾರು

ದಸರಾ ಮುಗಿದು ದೀಪಾವಳಿಗೆ ಮುಂಚಿನ ವಾರ ಮತ್ತೆ ಹೋದೆವು. ಜನ ಕಡಿಮೆ. ಯಜಮಾನರು ಈ ಸಲ ಹುಡುಗನನ್ನು ಬಿಟ್ಟು ನೇರ ಮ್ಯಾನೇಜರ್ ಹತ್ತಿರ ಕೂತರು. ಇದು ನಾನು ಹೇಳಿಕೊಟ್ಟದ್ದಲ್ಲ. ಹುಡುಗನಿಗೆ ಬೆಲೆ ಇಳಿಸುವ ಅಧಿಕಾರ ಇಲ್ಲ, ಅವನನ್ನು ಕೇಳಿ ಅವನ ಮನಸ್ಸು ಯಾಕೆ ನೋಯಿಸಬೇಕು ಅನ್ನುವುದು ಅವರ ವಾದ. ದಾಕ್ಷಿಣ್ಯವನ್ನು ಪಕ್ಕಕ್ಕಿಡಲು ಅವರಿಗೆ ಹೊಳೆದ ದಾರಿ ಇದು. ಚೆನ್ನಾಗಿಯೇ ಕೆಲಸ ಮಾಡಿತು.

ಕೇಳಿದ್ದು ಮೂರು ವಿಷಯ. ಮೊದಲನೆಯದು ಹ್ಯಾಂಡ್ಲಿಂಗ್. ಲಘು ವಾಹನದ ನೋಂದಣಿ ಶುಲ್ಕ 600. ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ಸೇರಿಸಲು 1,500. ಸ್ಮಾರ್ಟ್ ಕಾರ್ಡಿಗೆ 200. ಉಳಿದ ಹದಿನಾರು ಸಾವಿರ ಯಾವುದಕ್ಕೆ, ಆ ಹೆಸರಿನಲ್ಲೇ ರಸೀದಿ ಕೊಡಿ ಅಂದೆವು. ಉಡುಪಿಯ ಹಾಳೆ ಮೇಜಿನ ಮೇಲಿತ್ತು. ಮ್ಯಾನೇಜರ್ ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ಒತ್ತಿದರು. ಆಮೇಲೆ 2,300 ಅಂತ ಬರೆದರು. ದೊಡ್ಡ ಮಾತುಕತೆ ಏನೂ ಆಗಲಿಲ್ಲ.

ಎರಡನೆಯದು ಕಿಟ್. ಮ್ಯಾಟ್, ಮಡ್ ಫ್ಲ್ಯಾಪ್, ಸೀಟ್ ಕವರ್ ಸಾಕು, 6,500. ಹೊಳಪಿನ ಕೋಟಿಂಗ್ ಬೇಡ. ಕಾರು ಮನೆ ಮುಟ್ಟುವಷ್ಟರಲ್ಲಿ ಕೆಮ್ಮಣ್ಣಿನ ಕೋಟಿಂಗ್ ಆಗಿರುತ್ತದೆ.

ಮೂರನೆಯದು ರಿಯಾಯಿತಿ. ಇಲ್ಲಿ ಮ್ಯಾನೇಜರ್ ಬಗ್ಗಲಿಲ್ಲ. ಆಗ ಮಗ ಅಂಗಳದ ಮೂಲೆಯಲ್ಲಿ ನಿಂತಿದ್ದ ಒಂದು ಕಂದು ಬಣ್ಣದ ಕಾರು ತೋರಿಸಿ ಅದರ ಕಥೆ ಏನು ಅಂತ ಕೇಳಿದ. ಅದೇ ಮಾಡೆಲ್. ಏಪ್ರಿಲ್‌ನಲ್ಲಿ ತಯಾರಾದದ್ದು. ಎಲ್ಲರಿಗೂ ಬಿಳಿ ಬೇಕು, ಕಂದು ಯಾರಿಗೂ ಬೇಡ. ಜನವರಿ ಬಂದರೆ ಅದು ಹಳೆ ವರ್ಷದ ಕಾರು ಅನ್ನಿಸಿಕೊಂಡು ಇನ್ನೂ ಕಷ್ಟ. ಅದಕ್ಕೆ 20 ಸಾವಿರ ಬಿಟ್ಟರು. ಬಿಳಿಗೆ ಒಂದು ರೂಪಾಯಿ ಕೂಡ ಇಲ್ಲ.

ಆರು ತಿಂಗಳು ಬಿಸಿಲು ಮಳೆಯಲ್ಲಿ ನಿಂತ ಕಾರು ಅಂದಮೇಲೆ ನೋಡದೆ ತೆಗೆದುಕೊಳ್ಳುವಂತಿಲ್ಲ. ಬಾಕಿ ದುಡ್ಡು ಕಳಿಸುವ ಮುಂಚೆಯೇ ಒಬ್ಬ ಪರಿಚಯದ ಮೆಕ್ಯಾನಿಕ್ ಜೊತೆ ಹೋಗಿ ನೋಡಿದೆವು. ಚಾಸಿ ನಂಬರ್ ಹಾಳೆಯಲ್ಲಿದ್ದದ್ದಕ್ಕೆ ತಾಳೆ ಆಯಿತು. ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ವಾರ ಮತ್ತು ವರ್ಷ ಇರುತ್ತದೆ. ಐದೂ ಟೈರು ಒಂದೇ ಕಾಲದವು. ಬ್ಯಾಟರಿ ದುರ್ಬಲವಾಗಿತ್ತು. ಹೊಸ ಬ್ಯಾಟರಿ ಹಾಕಿಕೊಡಿ ಅಂತ ಕೊಟೇಶನ್ ಮೇಲೇ ಬರೆಸಿಕೊಂಡೆವು. ಇಲಿ ವೈರ್ ಕಡಿದಿದೆಯಾ ಅಂತ ಬಾನೆಟ್ ಕೆಳಗೆ ಟಾರ್ಚ್ ಹಾಕಿ ನೋಡಿದ್ದು ಯಜಮಾನರು. ಅಡಿಕೆ ಮನೆಯವರಿಗೆ ಇಲಿಯ ಮೇಲೆ ಇರುವ ಅನುಮಾನ ಬೇರೆ ಯಾರ ಮೇಲೂ ಇಲ್ಲ.

ಕೊನೆಯ ಲೆಕ್ಕ

ಬೆಲೆ 9,69,600. ರಸ್ತೆ ತೆರಿಗೆ 1,50,700. ಇನ್ಶೂರೆನ್ಸ್ 34,000. ನೋಂದಣಿ 2,300. ಫಾಸ್ಟ್ಯಾಗ್ 600. ಆಕ್ಸೆಸರಿ 6,500. ಹೆಚ್ಚುವರಿ ವಾರಂಟಿ 19,000. ರಿಯಾಯಿತಿ 20,000 ಕಳೆದು 11,62,700.

ಮೊದಲ ಹಾಳೆಗೂ ಇದಕ್ಕೂ 2,15,000 ವ್ಯತ್ಯಾಸ. ಊರಿನಲ್ಲಿ ಈಗ "ಎರಡು ಲಕ್ಷ ಇಳಿಸಿದ್ರಂತೆ" ಅಂತ ಸುದ್ದಿ. ಅದು ಸರಿಯಲ್ಲ. ಅದರಲ್ಲಿ 1,50,300 ಜಿಎಸ್‌ಟಿಯಿಂದ ಮತ್ತು 10 ಲಕ್ಷದ ಗೆರೆ ಇಳಿದದ್ದರಿಂದ ಬಂದದ್ದು. ಕಾದದ್ದಷ್ಟೇ ನಮ್ಮ ಕೆಲಸ. ಉಳಿದ 64,700 ಮಾತ್ರ ಮಾತಾಡಿ ಇಳಿಸಿದ್ದು. ಅದನ್ನೂ ಬಿಡಿಸಿದರೆ ಕಿಟ್‌ನಲ್ಲಿ 25,500, ಇನ್ಶೂರೆನ್ಸ್‌ನಲ್ಲಿ 18,000, ಹ್ಯಾಂಡ್ಲಿಂಗ್‌ನಲ್ಲಿ 16,200. ಇನ್ಶೂರೆನ್ಸ್‌ನ ಸ್ವಲ್ಪ ಭಾಗ ಕಾರಿನ ಬೆಲೆ ಇಳಿದದ್ದರಿಂದಲೂ ಬಂತು. ರಿಯಾಯಿತಿ ಅನ್ನುವ ಸಾಲಿನಲ್ಲಿ ಮೊದಲಿಗಿಂತ ಜಾಸ್ತಿ ಸಿಕ್ಕಿದ್ದು ಬರೀ 5 ಸಾವಿರ. ಅದಕ್ಕೂ ಕಂದು ಬಣ್ಣ ಒಪ್ಪಬೇಕಾಯಿತು. ಹಳೆ ಕಾರನ್ನು ಹೊರಗೆ ಮಾರಿದ್ದರಿಂದ ಜಾಸ್ತಿ ಬಂದ 20 ಸಾವಿರ ಇದರಲ್ಲಿ ಸೇರಿಲ್ಲ.

ಮುಂದಿನವರಿಗೆ ಜಿಎಸ್‌ಟಿ ಇಳಿಕೆಯ ಅದೃಷ್ಟ ಇರುವುದಿಲ್ಲ. ಆದರೆ ನೋ ಕ್ಲೇಮ್ ಬೋನಸ್, 10 ಲಕ್ಷದ ಗೆರೆ, ಹ್ಯಾಂಡ್ಲಿಂಗ್ ಸಾಲು, ಬೇರೆ ಊರಿನ ಹಾಳೆ ಎಲ್ಲರಿಗೂ ಇದೆ. ಕಾಯಲು ಆಗುವವರಿಗೆ ಆಷಾಢವೂ ಇದೆ. ನಮ್ಮ ಜನ ಆ ತಿಂಗಳು ಶೋರೂಮ್ ಕಡೆ ತಲೆ ಹಾಕುವುದಿಲ್ಲ, ಡೀಲರಿನ ಮಾರಾಟದ ಗುರಿ ಮಾತ್ರ ಆ ತಿಂಗಳೂ ಇರುತ್ತದೆ.

ಹೆಚ್ಚುವರಿ ವಾರಂಟಿಯ 19,000 ಯಾಕೆ ಹಾಗೇ ಉಳಿಯಿತು ಅಂತ ಕೆಲವರು ಕೇಳಿದ್ದಾರೆ. ಅದನ್ನು ನಾನು ಬೇಡ ಅಂದಿದ್ದೆ. ಮೂಲ ವಾರಂಟಿ ಮುಗಿಯುವ ಮುಂಚೆ ಯಾವಾಗಲಾದರೂ ತೆಗೆದುಕೊಳ್ಳಬಹುದು, ಸ್ವಲ್ಪ ಬೆಲೆ ಏರಬಹುದು ಅಷ್ಟೇ. ಆದರೆ ಯಜಮಾನರು ಡೆಲಿವರಿಗೆ ಮುಂಚೆ ಆ ಹುಡುಗನನ್ನು ಪಕ್ಕಕ್ಕೆ ಕರೆದು, "ನಿಂಗೆ ಯಾವುದರಲ್ಲಿ ಏನಾದ್ರೂ ಸಿಗತ್ತೆ ಮಾರಾಯ?" ಅಂತ ಕೇಳಿದ್ದರು. ಇನ್ಶೂರೆನ್ಸ್, ಕಿಟ್, ವಾರಂಟಿ ಅಂದಿದ್ದ. ಮೊದಲೆರಡನ್ನು ನಾವು ಆಗಲೇ ಕಿತ್ತುಹಾಕಿದ್ದೆವು. ಅದಕ್ಕೇ ಮೂರನೆಯದಕ್ಕೆ ಕೈ ಹಾಕಲು ಅವರು ಬಿಡಲಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಮತ್ತೆ ದಾಕ್ಷಿಣ್ಯಕ್ಕೆ ಬಿದ್ದಿರಲ್ಲ ಅಂದೆ. "ದಾಕ್ಷಿಣ್ಯ ಅಲ್ಲ, ಗೊತ್ತಿದ್ದೇ ಕೊಟ್ಟೆ" ಅಂದರು. ಅದು ಹತ್ತೊಂಬತ್ತು ಸಾವಿರದ ಬೆಲೆ ಬಾಳುತ್ತದೋ ಇಲ್ಲವೋ, ನಾವಿಬ್ಬರೂ ಇನ್ನೂ ಒಪ್ಪಿಲ್ಲ. ಮೊದಲ ಸರ್ವಿಸ್‌ಗೆ ಹೋದಾಗ ಹುಡುಗನೇ ಮುಂದೆ ನಿಂತು ಗಾಡಿ ಬಿಡಿಸಿಕೊಟ್ಟನಂತೆ. ಯಜಮಾನರು ಅದನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ನಾನು ಸೇರಿಸಿಲ್ಲ.